ಬಿಳಿ ಸ್ಟಿಕ್ಕರ್

ಹರಿಪ್ರಿಯಾ ಮೇಡಂ ಅವರಿಗೆ ನಮಸ್ಕಾರ.

ನನ್ನ ಅಕ್ಷರ ಸೊಟ್ಟಗಿದೆ, ತಪ್ಪುಗಳೂ ಇರುತ್ತವೆ, ಬೇಜಾರು ಮಾಡಿಕೊಳ್ಳಬೇಡಿ. ಬೇರಿಕೆಯಲ್ಲಿ ಐದನೇ ಕ್ಲಾಸಿಗೇ ಓದು ಬಿಟ್ಟವಳು ನಾನು. ನೀವು ಪಾಪುವಿಗೆ ಫಾರಿನ್ ಹಾಲಿನ ಪುಡಿ ಕೊಳ್ಳುವ ಅಂಗಡಿಯಲ್ಲಿ ಸಾಮಾನು ಜೋಡಿಸುತ್ತೇನೆ. ನಿಮ್ಮ ಅವಲಪಲ್ಲಿ ವಿಳಾಸವನ್ನು ಡೆಲಿವರಿ ಚೀಟಿಯಲ್ಲಿ ನೋಡಿಕೊಂಡೆ.

ಹೋದ ವಾರ ನೀವು ಪಕ್ಕದಲ್ಲಿದ್ದ ಅಜ್ಜಿಗೆ, "ಈ ಬಿಳಿ ಸ್ಟಿಕ್ಕರ್ ಇರೋದನ್ನೇ ತಗೊಳ್ಳಿ ಅಜ್ಜಿ, ಗೌರ್ಮೆಂಟ್‌ನೋರು ನೋಡಿ ಅಂಟಿಸಿರ್ತಾರೆ" ಎಂದಿರಿ. ನಾನು ಅಲ್ಲೇ ಡಬ್ಬ ಜೋಡಿಸುತ್ತಿದ್ದೆ. ಅದನ್ನು ಅಂಟಿಸುವವಳು ನಾನು, ಮೇಡಂ. ಅದರ ಮೇಲಿನ ಎಕ್ಸ್‌ಪೈರಿ ತಾರೀಕು ನಮ್ಮ ಹಿಂದಿನ ರೂಮಿನಲ್ಲೇ ಪ್ರಿಂಟ್ ಆಗುತ್ತದೆ. ಡಬ್ಬದ ತಳದಲ್ಲಿರುವ, ಮುಗಿದುಹೋದ ಹಳೆಯ ತಾರೀಕನ್ನು ಮೊದಲು ಪೇಂಟ್ ಥಿನ್ನರ್ ಹಾಕಿ ನನ್ನಿಂದ ಉಜ್ಜಿಸುತ್ತಾರೆ. ಯಾಕೆ ಎಂದು ಕೇಳಿದ್ದಕ್ಕೆ ಓನರ್, "ಫಾರಿನ್ ಮಾಲು ಎಲ್ಲಾದ್ರೂ ಕೆಡ್ತದೇನಮ್ಮಿ? ಸುಮ್ಕೆ ಉಜ್ಜು" ಎಂದು ನಕ್ಕರು. ಆ ನಗು ನನಗೆ ಸರಿಕಾಣಲಿಲ್ಲ.

ನಮ್ಮದು ತಮಿಳುನಾಡಲ್ಲವೇ, ಕೃಷ್ಣಗಿರಿಯ ಆಹಾರ ಅಧಿಕಾರಿಗಳಿಗೆ ತಮಿಳಿನಲ್ಲಿ ದೂರು ಬರೆಯಬೇಕಂತೆ. ನನಗೆ ತಮಿಳು ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ನೀವು ಬರೆಯುತ್ತೀರಾ? ನನ್ನ ಹೆಸರು ಹಾಕಬೇಡಿ. ಅಂಗಡಿಗೆ ಫೋನ್ ಮಾಡಬೇಡಿ, ಓನರೇ ಎತ್ತುತ್ತಾರೆ. ಮನೆಯಲ್ಲಿರುವ ಡಬ್ಬದಿಂದ ಪಾಪುವಿಗೆ ಇನ್ನು ಕೊಡಬೇಡಿ, ಆದರೆ ಅದನ್ನು ಎಸೆಯಲೂ ಬೇಡಿ, ಸಾಕ್ಷಿಗೆ ಬೇಕಾಗುತ್ತದೆ.

ಇವತ್ತು ಬೆಳಿಗ್ಗೆ ಒಂದು ಡಬ್ಬದ ತಳ ಉಜ್ಜದೆ ಸ್ಟಿಕ್ಕರ್ ಮಾತ್ರ ಅಂಟಿಸಿದೆ. ಎರಡೂ ತಾರೀಕು ಅದರಲ್ಲಿವೆ. ಅಧಿಕಾರಿಗಳು ಬಂದಾಗ ಸಿಗಲಿ ಎಂದು ಅಂಗಡಿಯ ಹಾಲಿನ ಪುಡಿಯ ಕಪಾಟಿನ ಕೆಳಗಿನ ಸಾಲಿನಲ್ಲಿ, ಎಲ್ಲಕ್ಕೂ ಹಿಂದೆ ಇಟ್ಟಿದ್ದೇನೆ.

ಎದುರು ನಿಂತು ಹೇಳಲಾಗದ,
ಕಲ್ಪನಾ