ನಿನಗೆ ತಲುಪದ ಅರ್ಧ ಮಾತು

ಅಂಗಡಿಯ ಮೇಲಿನ ಕೋಣೆ,
ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕುಲುಮೆಯ ಬಿಸಿಗೆ ಕಣ್ಣು ಉರಿಯುತ್ತದೆ ಎಂದಿದ್ದೆ, ಈಗ ಕಡಿಮೆಯಾಯಿತೆ? ಇಲ್ಲಿ ಅಮ್ಮನ ಮಂಡಿನೋವು ಹಾಗೇ ಇದೆ. ಮೇಲೆ ಹತ್ತಿ ಬರುವಾಗಲೆಲ್ಲ ಮೆಟ್ಟಿಲನ್ನೇ ಬೈಯುತ್ತಾಳೆ. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ, ಬರೆಯದಿದ್ದರೆ ನಿನಗೆ ಗಾಬರಿ. ಊಟ, ನಿದ್ದೆ ನಡೆದಿದೆ ಎಂದಿಟ್ಟುಕೋ. ನಿನ್ನ ಫೋಟೊದಲ್ಲಿ ಹಿಂದಿನ ಗೋಡೆಯ ಮೇಲೆ ಗಾಜಿನ ಕಾರ್ಖಾನೆಯ ಫಲಕವಿತ್ತಲ್ಲ, ಅದನ್ನು ನೆನಪಿಸಿಕೊಂಡು ಲಕೋಟೆಯ ಮೇಲೆ ವಿಳಾಸ ಬರೆದಿದ್ದೇನೆ. ನಿನ್ನ ಪುಟ ನಮಗೆ ಕಾಣದಂತಾದ ಮೇಲೆ ನನಗೆ ಬೇರೆ ದಾರಿ ಉಳಿಯಲಿಲ್ಲ. ಹರಿದು ಹಾಕುವ ಮೊದಲು ಒಂದು ಸಲ ಓದು.

ನೀನು ಹೊಲಿಗೆ ಯಂತ್ರ ಬಿಟ್ಟು ಗಾಜು ಊದಲು ಹೊರಟ ದಿನ ಅಮ್ಮ, "ಬೆಂಕಿ ಜೊತೆ ಬಾಳ್ತೀಯಾ? ಬಾಳು ಹೋಗು" ಅಂದಳಲ್ಲ, ಅಂದಿನಿಂದ ನಿನ್ನ ಯಂತ್ರದ ಮೇಲೆ ಬಟ್ಟೆ ಮುಚ್ಚಿದೆ. ನಿನ್ನ ಫೋನ್ ನಂಬರ್ ಬದಲಾಯಿತು, ಎಲ್ಲರೂ ಇರುವ ಆ ದೊಡ್ಡ ಜಾಲತಾಣಗಳಿಂದಲೂ ನೀನು ಹೊರಬಿದ್ದೆ. ಕೊನೆಗೆ ಹೂವಿನಂಗಡಿಯ ನಿನ್ನ ಗೆಳತಿಯೇ ಹೇಳಿದ್ದು: "ನಿಮ್ಮಕ್ಕ ಈಗ ಆ ಚಿಕ್ಕ ಚಿಕ್ಕ ಸರ್ವರ್‌ಗಳ ಜಾಲದಲ್ಲಿದ್ದಾಳೆ, ಹೋಗಿ ಹುಡುಕು." ಹೋದೆ. ಬಾಗಿಲಲ್ಲೇ ಮೊದಲ ಪ್ರಶ್ನೆ, ಯಾವ ಸರ್ವರ್, ಅಂದರೆ ಯಾವ ಗುಂಪಿನ ಮನೆ, ಸೇರುತ್ತೀ ಎಂದು. ಒಂದು ಸೋಪು ಆರಿಸಲೂ ಅಂಗಡಿಯಲ್ಲಿ ಅರ್ಧ ಗಂಟೆ ನಿಲ್ಲುವವಳು ನಾನು! ಓದುವವರದೊಂದು ಸರ್ವರ್ ಸಿಕ್ಕಿತು. ಅದನ್ನು ನಡೆಸುವವರು ಒಬ್ಬ ನಿವೃತ್ತ ರೈಲು ಗಾರ್ಡ್. ನನ್ನ ತಡವರಿಕೆ ಕಂಡು ಅವರು ಬರೆದರು: "ಯಾವ ಮನೇಲಿದ್ರೂ ಬೀದಿ ಒಂದೇ ಕಣಮ್ಮ. ಪಕ್ಕದ ಮನೆಯವರ ಜೊತೆ ಮಾತಾಡೋಕೆ ಮನೆ ಬದಲಾಯಿಸ್ತೀವಾ?" ಆ ಧೈರ್ಯದಲ್ಲಿ ಕುಶಲಕರ್ಮಿಗಳ ಸರ್ವರ್‌ನಲ್ಲಿ ನಿನ್ನನ್ನು ಪತ್ತೆಹಚ್ಚಿದೆ. "ಬಾಲ, ಇಲ್ಲಿಗೂ ಬಂದ್ಯಾ!" ಎಂದು ನೀನು ಬರೆದಾಗ ನಾನು ಅದನ್ನು ಮೂರು ಸಲ ಓದಿದೆ. "ಅಮ್ಮನಿಗೂ ತೋರಿಸು. ಬೇಡ ಅಂದ್ರೆ ಒತ್ತಾಯ ಮಾಡ್ಬೇಡ" ಎಂದು ಆಮೇಲೆ ನೀನೇ ಬರೆದೆ. ನೆನಪಿದೆಯಾ?

ತೋರಿಸಿದೆ ಅಕ್ಕಾ. ಬೇಡ ಅನ್ನಲಿಲ್ಲ. ಕನ್ನಡಕ ಒರೆಸಿಕೊಂಡು ನಿನ್ನ ಒಂದೊಂದು ಗಾಜಿನ ದೀಪವನ್ನೂ ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. ಮರುದಿನ ಕತ್ತರಿಯಿಂದ ಕಣ್ಣೆತ್ತದೆ, "ನನಗೂ ಅಲ್ಲಿ ಒಂದು ಖಾತೆ ಮಾಡ್ಕೊಡು. ಅವಳಿಗೆ ಗೊತ್ತಾಗ್ಬಾರ್ದು" ಅಂದಳು. ಹೆಸರಿನ ಜಾಗಕ್ಕೆ 'ದರ್ಜಿ', ಚಿತ್ರದ ಜಾಗಕ್ಕೆ ಅವಳ ಸೂಜಿದಿಂಬು. ಮೆಟ್ಟಿಲು ಹತ್ತುವುದು ತಪ್ಪಿತೆಂದು ಕೆಳಗಿನಿಂದ ನನಗೆ ಅದರಲ್ಲೇ ಬರೆಯತೊಡಗಿದಳು. "ಹಾಲು ಉಕ್ಕಿತಾ ನೋಡು" ಎಂಬ ಮೊದಲ ಸಂದೇಶವನ್ನೇ ಊರಿಗೆಲ್ಲ ಕಾಣುವಂತೆ ಹಾಕಿಬಿಟ್ಟಳು. ಇಬ್ಬರು ಅಪರಿಚಿತರು "ಉಕ್ಕಿತಾ?" ಎಂದು ಕಳವಳದಿಂದ ವಿಚಾರಿಸಿದರು. ನಗುತ್ತಾ ನಾನೇ 'ಖಾಸಗಿ' ಎಂಬುದನ್ನು ಒತ್ತಲು ಕಲಿಸಿದೆ. ಅಲ್ಲಿ ಯಾರನ್ನಾದರೂ ಹೆಸರಿಸಬೇಕಾದರೆ ಪೂರ್ತಿ ವಿಳಾಸ ಹಾಕಬೇಕು, ಬರೀ ಹೆಸರು ಹಾಕಿದರೆ ಯಾವ ಮನೆಯವರೆಂದು ತಿಳಿಯುವುದಿಲ್ಲ ಎಂದೂ ಹೇಳಿಕೊಟ್ಟೆ. ಶಿಸ್ತಿನ ದರ್ಜಿ ಅಲ್ಲವೆ, ಅಕ್ಷರ ತಪ್ಪದೆ ಪಾಲಿಸಿದಳು.

ಬೂದಿ ಬಣ್ಣದ ಕೋಟು ತೊಟ್ಟು, ನೀಲಿ ದೀಪ ಹಿಡಿದು ನೀನು ನಗುವ ಫೋಟೊ ಬಂದ ದಿನ ಅವಳು ಬರೆದದ್ದು ನನಗೆ. ಖಾಸಗಿಯಾಗಿ, ನನಗೊಬ್ಬಳಿಗೇ ಎಂದುಕೊಂಡು. ಆದರೆ ನಿನ್ನ ಮಾತೆತ್ತುವಾಗ ನಿನ್ನ ಪೂರ್ತಿ ವಿಳಾಸ ಹಾಕಿದಳು. ಗಾರ್ಡ್ ಆಮೇಲೆ ಬಿಡಿಸಿ ಹೇಳಿದರು: "ಇಲ್ಲಿ ಖಾಸಗಿ ಅಂದ್ರೆ ಅಂಟಿಸಿದ ಲಕೋಟೆ ಅಲ್ಲಮ್ಮ. ಒಳಗೆ ಯಾರ ವಿಳಾಸ ಬರೀತೀರೋ ಅವರಿಗೂ ಒಂದು ಪ್ರತಿ ಹೋಗುತ್ತೆ." ಹಾಗೆ ನಿನ್ನ ಕೈಸೇರಿದ್ದು ಆ ಸಂದೇಶ, ಅಮ್ಮನ ಸೂಜಿದಿಂಬಿನ ಚಿತ್ರದೊಂದಿಗೆ. "ನಗ್ತಾ ಇದ್ದಾಳೆ ನೋಡು. ನಾವಿಲ್ದೆ ಅವಳಿಗೇನೂ ಕಮ್ಮಿ ಆಗಿಲ್ಲ. ಹೋಗ್ಲಿ ಬಿಡು, ಇನ್ಮೇಲೆ ನನಗೆ ನೀನೊಬ್ಳೇ ಮಗಳು ಅಂದ್ಕೋತೀನಿ." ನಿನಗೆ ಕಾಣಲೆಂದೇ ಬರೆದಳು, ಮುಖಕ್ಕೆ ಹೊಡೆದ ಹಾಗೆ ಬರೆದಳು ಅಂದುಕೊಂಡಿರುತ್ತೀಯ. ಸಂಜೆಯ ಹೊತ್ತಿಗೆ ನಮ್ಮಿಬ್ಬರಿಗೂ ನಿನ್ನ ಪುಟದ ಬಾಗಿಲು ಮುಚ್ಚಿತ್ತು. ನನಗೂ ಮುಚ್ಚಿದೆಯಲ್ಲ ಎಂದು ಮೊದಲು ಸಿಟ್ಟು ಬಂತು. ಆಮೇಲೆ ಆ ಸಾಲನ್ನು ನಿನ್ನ ಜಾಗದಲ್ಲಿ ನಿಂತು ಓದಿದೆ. ಪೂರ್ತಿ ಓದಲು ಆಗಲಿಲ್ಲ.

ಅಮ್ಮನಿಗೆ ಇದಾವುದೂ ಗೊತ್ತಿಲ್ಲ. ನಿನ್ನ ಸರ್ವರ್ ಕೆಟ್ಟಿದೆ ಎಂದುಕೊಂಡಿದ್ದಾಳೆ. ಗಿರಾಕಿ ಇಲ್ಲದಾಗ ಫೋನಿನ ಗಾಜನ್ನು ಸೆರಗಿನಿಂದ ಒರೆಸಿ, ನಿನ್ನ ವಿಳಾಸವನ್ನು ಒಂದೊಂದೇ ಅಕ್ಷರ ಒತ್ತಿ ನೋಡುತ್ತಾಳೆ. "ಇವತ್ತಾದ್ರೂ ರಿಪೇರಿ ಆಯ್ತೇನೇ?" ಎಂದು ಕೆಳಗಿನಿಂದ ಕೂಗುತ್ತಾಳೆ. ಇನ್ನೂ ಇಲ್ಲ ಅನ್ನುತ್ತೇನೆ. "ಒಳ್ಳೇ ಮೇಸ್ತ್ರಿ ಸಿಕ್ಕಿರಲ್ಲ ಪಾಪ" ಎಂದು ಮತ್ತೆ ಯಂತ್ರ ತುಳಿಯುತ್ತಾಳೆ. ಇಷ್ಟೆಲ್ಲ ಓದಿರುವ ನನಗೆ ಅವಳ ಎದುರು ಕೂತು ನಿಜ ಹೇಳಲು ಒಂದು ವಾಕ್ಯ ಸಿಕ್ಕುತ್ತಿಲ್ಲ.

ಬಾಗಿಲು ತೆಗೆ ಎಂದು ಕೇಳುವುದಿಲ್ಲ. ಅವಳು ಆ ಮಾತು ಆಡಿದ್ದು ನಿಜ. ಕಣ್ಣಿಗೆ ನೀರು ಹಾಕಿಕೊಳ್ಳುತ್ತಿರು, ಬೆಂಕಿಯ ಹತ್ತಿರ ಹುಷಾರು. ಹೂವಿನಂಗಡಿಯವಳು ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ.

ಎಲ್ಲಿ ಹೋದರೂ ನಿನ್ನ ಹಿಂದೆಯೇ ಬರುವ
ಬಾಲ

ಮರೆತಿದ್ದಲ್ಲ, ಬರೆಯಬಾರದೆಂದಿದ್ದೆ, ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಅಲ್ಲಿ ಒಂದು ಸಲಕ್ಕೆ ಇಷ್ಟೇ ಅಕ್ಷರ ಎಂಬ ಮಿತಿ ಇದೆಯಲ್ಲ, ಅಮ್ಮನ ಬೈಗುಳಕ್ಕೇ ಅದು ತುಂಬಿಹೋಗಿತ್ತು. ಉಳಿದದ್ದನ್ನು ಇನ್ನೊಂದು ಸಂದೇಶವಾಗಿ ಬರೆದಳು. ಅದರಲ್ಲಿ ನಿನ್ನ ವಿಳಾಸ ಹಾಕಲಿಲ್ಲ, ಹಾಗಾಗಿ ಅದು ನನ್ನಲ್ಲೇ ಉಳಿಯಿತು: "ಆ ಬೂದಿ ಕೋಟು ನಾನು ಹೊಲಿದದ್ದು. ಭುಜದ ಹೊಲಿಗೆ ತೋಳಿಗೆ ಜಾರಿದೆ, ನೋಡಿದ್ಯಾ? ಇಳಿದುಹೋಗಿದ್ದಾಳೆ ಕಣೇ. ಸರಿಯಾಗಿ ತಿಂತಾ ಇಲ್ಲ. ಹೇಗಾದ್ರೂ ಮಾಡಿ ಅಳತೆ ಕೇಳು. ನಾನು ಕೇಳ್ದೆ ಅನ್ಬೇಡ." ಹೊಸ ಕೋಟಿಗೆ ಬಟ್ಟೆ ತಂದು ನಿನ್ನ ಯಂತ್ರದ ಮೇಲೆ ಇಟ್ಟಿದ್ದಾಳೆ, ಇನ್ನೂ ಕತ್ತರಿಸಿಲ್ಲ. ಏನೂ ಬರೆಯಬೇಡ, ಭುಜದ ಅಳತೆಯೊಂದನ್ನು ಕಳಿಸು.