ಲೇಸ್ ಕಟ್ಟುವ ದೃಶ್ಯ

ಜೂನ್ 7, ಶುಕ್ರವಾರ, ಸಂಜೆ

ಮತ್ತೆ ಮೊದಲ ದಿನದ ಮೊದಲ ಆಟ. ಮತ್ತೆ ಕಾಲೇಜಿಗೆ ‘ಹೊಟ್ಟೆನೋವು’. ವಿದ್ಯಾರ್ಥಿಗಳು ಹಾಕಬೇಕಾದ ಚಕ್ಕರ್ ಮೇಷ್ಟ್ರೇ ಹಾಕುವುದು — ಸಂಖ್ಯಾಶಾಸ್ತ್ರದಲ್ಲಿ ಇದನ್ನು ವಿಚಲನೆ ಎಂದು ಕಲಿಸುತ್ತೇನೆ.

ಬ್ಲಾಕ್‌ಬಸ್ಟರ್ ಅಂತೆ. ಬಿಡುಗಡೆಗೆ ಮೊದಲೇ ಪೋಸ್ಟರಿನಲ್ಲಿ ಅಚ್ಚು ಹಾಕಿಸಿಬಿಟ್ಟಿದ್ದರು. ನೂರು ಕೋಟಿ ಖರ್ಚು. ಅರ್ಧ ಹೀರೋನ ಕೋಟಿಗೇ ಹೋಗಿರಬೇಕು.

ಅಕ್ಕನನ್ನೂ ಎಳೆದುಕೊಂಡು ಹೋದೆ. “ನನಗ್ಯಾಕೋ, ಮಂಡಿ ನೋವು” ಎಂದಳು. ಬಿಡಲಿಲ್ಲ. ಚಿಕ್ಕಂದಿನಲ್ಲಿ ನೋಡಿದ್ದು ನಮ್ಮಿಬ್ಬರ ಚಿತ್ರವಲ್ಲವೇ, ಇದು ಅದರ ರೀಮೇಕು.

ಹಳೆಯದರಲ್ಲಿ ತಾಯಿಯೊಬ್ಬಳು ಪೆಟ್ಟಿಗೆ ಹಿಡಿದು ಮನೆ ಬಿಟ್ಟು ಹೋಗುತ್ತಾಳೆ. ಹುಡುಗ ಬಸ್ಸಿನ ಹಿಂದೆ ಓಡುತ್ತಾನೆ. ಕೊನೆಗೆ ಶಾಲೆಯ ಗೇಟಿನ ಬಳಿ ಅವಳು ವಾಪಸು ಬಂದು, ಒಂದು ಮಾತೂ ಆಡದೆ, ಬಗ್ಗಿ ಅವನ ಶೂ ಲೇಸ್ ಕಟ್ಟುತ್ತಾಳೆ. ಅಷ್ಟೇ. ಹಿನ್ನೆಲೆ ಸಂಗೀತವೂ ಇಲ್ಲ.

ಇದರಲ್ಲಿ? ತಾಯಿ ಹೋದಳು. ಹೋದವಳು ಹೋದಳು. ಹುಡುಗ ಒಂದೇ ಹಾಡಿನಲ್ಲಿ ಆರಡಿ ಬೆಳೆದ. ಆ ಸಿಟ್ಟಿಗೆ ಅರ್ಧ ಊರನ್ನು ಚಚ್ಚಿದ. ಲೇಸ್ ಕಟ್ಟುವ ದೃಶ್ಯ ನಾಪತ್ತೆ. ಹೀರೋನ ಬೂಟಿಗೆ ಲೇಸೇ ಇಲ್ಲ, ಜಿಪ್ಪು!

ರೀಮೇಕ್ ಅಲ್ಲ ಸ್ವಾಮಿ — ರೀ, ಮೇಕೆ! ಕಂಡದ್ದನ್ನೆಲ್ಲ ಮೇಯ್ದಿದೆ. ಚಿತ್ರ ಮುಗಿಯಿತು, ಹಿಂಸೆ ಉಳಿಯಿತು.

ಇಂಟರ್ವಲ್‌ನಲ್ಲೇ ಅಕ್ಕ “ಮನೆಗೆ ಹೋಗೋಣ್ವಾ?” ಎಂದಿದ್ದಳು. ಅವಳಿಗಿರುವ ರುಚಿ ನಿರ್ಮಾಪಕನಿಗಿಲ್ಲ.

ಜೂನ್ 9, ಭಾನುವಾರ

ಸಿನಿಮಾ ಸಂಘ. ಗ್ರಂಥಾಲಯದ ಮೇಲಿನ ಹಾಲು, ಕಿರುಗುಟ್ಟುವ ಕುರ್ಚಿಗಳು. ನಾನು ಕಾರ್ಯದರ್ಶಿ, ದಂತವೈದ್ಯರು ಅಧ್ಯಕ್ಷರು. ರೀಮೇಕಿನ ಮಾನ ಹರಾಜು ಹಾಕಿದೆ. ಲೇಸ್ ದೃಶ್ಯ ತೆಗೆದದ್ದು ಕೊಲೆಗೆ ಸಮ ಎಂದೆ. ಚಪ್ಪಾಳೆ.

ದಂತವೈದ್ಯರು ಗಂಟಲು ಸರಿಮಾಡಿಕೊಂಡರು.

“ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ಹಳೇದನ್ನ ಈಗ ಮೊಬೈಲಿಗೂ ಬಿಟ್ಟಿದಾರಲ್ಲ, ನಿನ್ನೆ ನೋಡ್ದೆ. ಆ ಲೇಸ್ ಸೀನು… ಇಲ್ವಲ್ಲ?”

“ಮೊಬೈಲಿಗೆ ಹಾಕೋವಾಗ ಕತ್ತರಿ ಆಡಿಸಿರ್ತಾರೆ.”

“ರಿಲೀಸ್ ಆದಾಗ್ಲೂ ನೋಡಿದೀನಿ. ಆಗ ಕಾಲೇಜಲ್ಲಿದ್ದೆ. ನನಗೂ ನೆನಪಿಲ್ಲ.”

“ನಿಮಗೆ ಹಲ್ಲು ನೆನಪಿರುತ್ತೆ ಡಾಕ್ಟ್ರೇ. ಕಾಲು ಹೇಗೆ ನೆನಪಿರುತ್ತೆ? ನೀವು ಹೇಳೋದೆಲ್ಲ ದಂತಕಥೆ!”

ಹಾಲೆಲ್ಲ ನಗು. ನಗುವಿನ ಅಮಲು ಕೆಟ್ಟದ್ದು. ಪೂರ್ತಿ ಪ್ರಿಂಟನ್ನೇ ತರಿಸಿ ಇದೇ ಗೋಡೆಯ ಮೇಲೆ ತೋರಿಸುತ್ತೇನೆ, ದೃಶ್ಯ ಇಲ್ಲದಿದ್ದರೆ ಅಲ್ಲೇ ರಾಜೀನಾಮೆ, ಮತ್ತೆ ಈ ಹಾಲಿಗೆ ಕಾಲಿಡುವುದಿಲ್ಲ ಎಂದುಬಿಟ್ಟೆ.

ಮೊಬೈಲಿನಲ್ಲೇ ನೋಡಿ ತೀರ್ಮಾನಿಸಬಹುದಲ್ಲ ಎಂದರು ಯಾರೋ. ನೋಡುವುದಿಲ್ಲ. ಐದು ವರ್ಷದವನಾಗಿ ಅಷ್ಟೆತ್ತರದ ತೆರೆಯಲ್ಲಿ ಕಂಡ ತಾಯಿಯನ್ನು ಈಗ ಎರಡು ಬೆರಳಲ್ಲಿ ಹಿಗ್ಗಿಸಿ ನೋಡಲೇ?

ಜೂನ್ 13, ಗುರುವಾರ, ಬೆಳಿಗ್ಗೆ

ಅಕ್ಕ ಹೊಲಿಗೆ ಮೆಷಿನ್ನಿನ ಮುಂದೆ. ಪಂಥದ ವಿಷಯ ಹೇಳಿದೆ. ಮೆಷಿನ್ ನಿಂತಿತು.

“ಬೇಡ್ವೋ. ಡಾಕ್ಟ್ರ ಹತ್ರ ತಪ್ಪಾಯ್ತು ಅನ್ನು, ಮುಗೀತು. ಸಿನಿಮಾ ತಾನೇ?”

“ಸಿನಿಮಾ ‘ತಾನೇ’ನಾ? ನೀನೇ ಕರ್ಕೊಂಡು ಹೋಗಿ ತೋರಿಸಿದ್ದು!”

“ಅದಕ್ಕೇ ಹೇಳ್ತಿರೋದು. ಕಂಡಿದ್ದು ಕಂಡಹಾಗೇ ಇರ್ಲಿ. ಮತ್ತೆ ಯಾಕೆ ನೋಡ್ಬೇಕು?”

ಅಮ್ಮ ತೀರಿಕೊಂಡ ವರ್ಷ ಅದು. ದೂರದ ಆಸ್ಪತ್ರೆಯಲ್ಲಿ ಹೋದಳಂತೆ. ಅಪ್ಪ, ಅಕ್ಕ ಹೋಗಿಬಂದರು, ನನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದರು. ಆಮೇಲೆ ಹದಿನಾರರ ಅಕ್ಕನೇ ನನ್ನ ಎರಡನೇ ಅಮ್ಮ — ನಾನು ಮೆಚ್ಚಿದ ಒಂದೇ ಒಂದು ರೀಮೇಕ್. ಹಟ ಹಿಡಿದು ಮೂರು ಸಲ ಆ ಚಿತ್ರ ನೋಡಿದ್ದೆ. ಪ್ರತಿ ಸಲವೂ ಅವಳ ಮಡಿಲಲ್ಲಿ.

ಜುಲೈ 21, ಭಾನುವಾರ, ಸಂಜೆ

ಪ್ರಿಂಟು ಬಂತು. ಪೂರ್ತಿ. ಬೇಕೆಂದೇ ದಂತವೈದ್ಯರನ್ನು ನನ್ನ ಪಕ್ಕದಲ್ಲಿ ಕೂರಿಸಿಕೊಂಡೆ.

ಮೊದಲರ್ಧ ಚಿನ್ನ. ಮಾತು ಮಾತೂ ನೆನಪಿತ್ತು, ಪಾತ್ರಗಳಿಗಿಂತ ಮೊದಲು ನಾನೇ ಹೇಳುತ್ತಿದ್ದೆ. ಹಿಂದಿನ ಸಾಲಿನವರು ಶ್ ಎಂದರು. ಪೆಟ್ಟಿಗೆ. ಬಸ್ಸು. ಹುಡುಗ ಓಡಿದ. ಬಸ್ಸು ತಿರುವಿನಲ್ಲಿ ಮರೆಯಾಯಿತು. ಹುಡುಗ ನಿಂತ. ಧೂಳು… ಧೂಳು… ಧೂಳು. ಆಮೇಲೆ ಇಡೀ ತೆರೆ ತುಂಬ ಹುಡುಗನ ಮುಖ. ಶುಭಂ.

ಶಾಲೆಯಿಲ್ಲ, ಗೇಟಿಲ್ಲ. ಹುಡುಗನ ಕಾಲಲ್ಲಿ ಶೂ ಕೂಡ ಇಲ್ಲ. ಬರಿಗಾಲು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ದಂತವೈದ್ಯರು ಮೆಲ್ಲಗೆ, “ರಾಜೀನಾಮೆ ಗೀಜೀನಾಮೆ ಎಲ್ಲ ಬೇಡ ಮೇಷ್ಟ್ರೇ, ಬನ್ನಿ ಕಾಫಿ ಕುಡಿಯೋಣ” ಎಂದರು. ಕನಿಕರಕ್ಕಿಂತ ಅರಿವಳಿಕೆ ಇಲ್ಲದೆ ಹಲ್ಲು ಕಿತ್ತಿದ್ದರೆ ವಾಸಿ. ಹಾಲಿನ ಬೀಗದ ಕೈ ಮೇಜಿನ ಮೇಲಿಟ್ಟು ಬಂದೆ.

ಜುಲೈ 22, ಸೋಮವಾರ

ಕಾಲೇಜಿಗೆ ನಿಜವಾದ ಹೊಟ್ಟೆನೋವು.

ಅಕ್ಕನನ್ನು ಕೇಳಿದೆ. ಬಟ್ಟೆಗೆ ಗುಂಡುಪಿನ್ನು ಚುಚ್ಚುತ್ತಲೇ ಹೇಳಿದಳು.

“ನನಗೇನು ಗೊತ್ತಿತ್ತೋ ಅದು ಹೀಗೆ ಮುಗಿಯುತ್ತೆ ಅಂತ? ಬಸ್ಸಿನ ಸೀನ್ ಹತ್ರ ನೀನು ಒಂದೇ ಸಮ ಬಿಕ್ಕಿ ಅಳ್ತಾ ಇದ್ದೆ. ಅಂಗೈಲಿ ನಿನ್ನ ಕಣ್ಣು ಮುಚ್ಚಿದೆ. ಕಿವೀಲಿ ಹೇಳ್ದೆ — ನೋಡು, ಬಂದ್ಲು, ಲೇಸ್ ಕಟ್ತಿದಾಳೆ ಅಂತ. ಮೂರು ಸಲವೂ.”

“ಸಿನಿಮಾದಲ್ಲಿ ಶೂನೇ ಇರ್ಲಿಲ್ಲ!”

“ನಿನ್ನ ಕಾಲಲ್ಲಿ ಇತ್ತಲ್ಲೋ. ಇನ್ನೊಂದು ಕೈಲಿ ಅದರ ಲೇಸ್ ಬಿಗೀತಾನೇ ಹೇಳ್ದೆ.”

ಜನ್ಮವಿಡೀ ಯಾವ ಚಿತ್ರಕ್ಕೂ ಸಿಗದ ಐದು ನಕ್ಷತ್ರ ಕೊಟ್ಟದ್ದು ಅಕ್ಕನ ಅಂಗೈಗೆ! ಅದನ್ನೇ ಅಳತೆಗೋಲು ಮಾಡಿಕೊಂಡು ಮಿಕ್ಕ ನಿರ್ದೇಶಕರನ್ನೆಲ್ಲ ಬೈದೆ. ಮೈ ಉರಿಯಿತು. ನೋಯಿಸಬೇಕು ಅನ್ನಿಸಿತು. ತಮಾಷೆಯ ಧಾಟಿಯಲ್ಲೇ ಬಿಟ್ಟೆ:

“ಭಲೇ ಡೈರೆಕ್ಟ್ರಮ್ಮ! ಅಮ್ಮನ ಆಸ್ಪತ್ರೆ ಸೀನೂ ನಿಂದೇನಾ ಮತ್ತೆ?”

ನಗುತ್ತಾಳೆ, ಇಲ್ಲ ಬೈಯುತ್ತಾಳೆ ಎಂದುಕೊಂಡಿದ್ದೆ.

ಗುಂಡುಪಿನ್ನಿನ ಡಬ್ಬಿ ಮುಚ್ಚಿದಳು. ಎದ್ದು ಒಳಗೆ ಹೋದಳು. ಚಿಲಕ ಹಾಕಿದ ಸದ್ದು.

ಜುಲೈ 25, ಗುರುವಾರ, ಮಧ್ಯಾಹ್ನ

ಮೂರು ದಿನ ಮಾತಿಲ್ಲ. ತಟ್ಟೆ ಇಡುತ್ತಾಳೆ, ತೆಗೆಯುತ್ತಾಳೆ. ಇವತ್ತು ಊಟಕ್ಕೆ ಕೂತಾಗ ತಾನೇ ಶುರುಮಾಡಿದಳು.

“ಆಸ್ಪತ್ರೆ ಇರ್ಲಿಲ್ಲ ಕಣೋ. ಹೋದ್ಲು. ಅಪ್ಪನ ಜೊತೆ ಆಗಲ್ಲ ಅಂತ ಹೋದ್ಲು. ಕರ್ಕೊಂಡು ಬರೋಕೆ ನಾವಿಬ್ರೂ ಹೋಗಿದ್ವಿ, ಬರಲಿಲ್ಲ. ಸತ್ಲು ಅಂತ ಹೇಳ್ಬಿಡು ಅಂದ್ರು ಅಪ್ಪ. ನೀನು ಅತ್ತು ಅತ್ತು ಸುಮ್ಮನಾದೆ. ಆಮೇಲೆ ಹೇಗೆ ಬದಲಾಯಿಸ್ಲಿ?”

“ಅಪ್ಪ ಹೋದ್ಮೇಲಾದ್ರೂ?”

“ನಾಳೆ ಹೇಳೋಣ, ನಾಳೆ ಹೇಳೋಣ ಅಂತ…”

ಅನ್ನ ಕೈಯಲ್ಲೇ ಇತ್ತು. ಬಾಯಿಗೆ ಒಂದೂ ತಮಾಷೆ ಬರಲಿಲ್ಲ.

“ಇದಾಳಾ?”

“ಹೋದ ವರ್ಷದವರೆಗೂ ಇದ್ಳು.”

ಹೋದ ವರ್ಷ. ಗೆಳತಿಯ ಮಗಳ ಮದುವೆ ಎಂದು ಅಕ್ಕ ಎರಡು ದಿನ ಹೋಗಿಬಂದಿದ್ದಳು. ಬಂದಾಗ ಕಣ್ಣು ಊದಿತ್ತು. ನಿದ್ದೆಯಿಲ್ಲ ಎಂದಳು. ಮದುವೆಗೆ ನನ್ನನ್ನೂ ಕರೆದಿದ್ದಳು — ಒಂದಲ್ಲ, ಎರಡು ಸಲ, “ಬಾರೋ, ಒಂದ್ಸಲ ಬಾ” ಎಂದು. ನಾನೇ ಒಲ್ಲೆ ಎಂದೆ. ಮನೆಯಲ್ಲಿ ಒಬ್ಬನೇ, ಪರದೆ ಎಳೆದುಕೊಂಡು, ಕಾಲು ಚಾಚಿ, ನೋಡಿದ ಹಳೆಯ ಚಿತ್ರಗಳನ್ನೇ ಮತ್ತೆ, ಒಂದಾದ ಮೇಲೊಂದು ನೋಡುತ್ತಾ ಕೂತಿದ್ದೆ.