ಎರಡು ಗುಂಡಿನ ತೀರ್ಪು

ಕೂಡುಬೆಟ್ಟ
ಫೆಬ್ರವರಿ 30, 2168

ಇಪ್ಪತ್ತೊಂದನೆಯ ಶತಮಾನದ ಹಿರಿಯರಿಗೆ ನಮಸ್ಕಾರ.

ಮೇಲಿನ ತಾರೀಖು ಅಚ್ಚಿನ ತಪ್ಪಲ್ಲ. ತಿಂಗಳುಗಳನ್ನು ಸರಿಹೊಂದಿಸಿದ ಮೇಲೆ ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಈ ಪತ್ರದಲ್ಲಿ ನಿಮಗೆ ಪರಿಚಯವಿಲ್ಲದ ಪದಗಳು ಒಂದೆರಡು ಬರುತ್ತವೆ. ಬಂದಲ್ಲೇ ಅರ್ಥ ಹೇಳುತ್ತೇನೆ, ಕ್ಷಮಿಸಿ. ನಾನು ಇಲ್ಲಿನ ದಿನಪತ್ರಿಕೆಗೆ ಕೋರ್ಟಿನ ವರದಿ ಬರೆಯುವವಳು.

ನಮ್ಮ ಊರು ಬೆಟ್ಟದ ನೆತ್ತಿಯಲ್ಲಿದೆ. ಕುಡಿಯುವ ನೀರು ಮಂಜುಬಲೆಗಳಿಂದ ಬರುತ್ತದೆ. ಕಂಬಗಳ ನಡುವೆ ಕಟ್ಟಿದ ಈ ಬಲೆಗಳು ಬೆಳಗಿನ ಮಂಜನ್ನು ಹಿಡಿದು ತೊಟ್ಟಿಗೆ ಇಳಿಸುತ್ತವೆ. ಬಲೆ ಹರಿಯುವ ಕಾಡುಹಂದಿಗಳನ್ನು ಬೆದರಿಸಲು ಹೆಚ್ಚಿನ ಮನೆಗಳಲ್ಲಿ ಕೋವಿ ಇದೆ. ಕೋವಿಗೆ ಇನ್ನೊಂದು ಕೆಲಸವೂ ಇತ್ತು. ಮನೆಯಲ್ಲಿ ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಎರಡು; ಹಂದಿಗೆ ಹಾರಿಸುವಾಗ ಮೂರಕ್ಕೆ ಕಡಿಮೆಯಿಲ್ಲ. ಎರಡು ಕೇಳಿಸಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು, ಬಿಳಿ ಬಟ್ಟೆ ಉಟ್ಟು, ಸದ್ದು ಬಂದ ಮನೆಗೆ ಹೋಗಬೇಕು. ಫೋನು ಕೈಕೊಟ್ಟ ದಿನಗಳಲ್ಲೂ ಈ ಸುದ್ದಿ ತಲುಪುತ್ತಿತ್ತು. ಅದರಲ್ಲಿ ಯಾರೂ ಸುಳ್ಳು ಹೇಳಿದ್ದಿಲ್ಲ.

ಹೊಸ ಕಾನೂನೊಂದು ಎಲ್ಲ ಕೋವಿಗಳನ್ನೂ ಕೋವಿಗೂಡಿಗೆ ಒಪ್ಪಿಸಬೇಕೆಂದಿತು. ಕೋವಿಗೂಡು ಎಂದರೆ ಊರಿಗೊಂದು ಬೀಗದ ಕೋಣೆ. ಬೀಗದ ಕೈ ಸರ್ಕಾರದ ಬಳಿ. ಜೇನು ಸಾಕುವ ಕುಟ್ಟಪ್ಪ ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋದರು. ಕೋವಿ ಮನೆಯಲ್ಲಿಡುವುದು ತಲೆಮಾರುಗಳಿಂದ ಬಂದ ಹಕ್ಕು ಎಂಬುದು ಅವರ ವಾದ. ಕುಡಿತದಲ್ಲಿ, ಸಿಟ್ಟಿನಲ್ಲಿ ಮನೆಯವರೇ ಮನೆಯವರನ್ನು ಗುಂಡಿಟ್ಟು ಕೊಂದ ಪ್ರಕರಣಗಳನ್ನು ಸರ್ಕಾರಿ ವಕೀಲರು ಒಂದೊಂದಾಗಿ ಓದಿದರು. ಎರಡೂ ಕಡೆ ಹುರುಳಿತ್ತು. ವಿಚಾರಣೆ ನಡೆಸಿದವರು ನ್ಯಾಯಾಧೀಶೆ ದೇಚಮ್ಮ. ನಮ್ಮ ಬೀದಿಯವರೇ. ಅವರ ಮನೆಯಲ್ಲಿ ಕೋವಿ ಇರಲಿಲ್ಲ.

ತೀರ್ಪಿನ ಹಿಂದಿನ ದಿನ ಸಂಜೆ ಅವರ ಮನೆಯ ಹಿಂದಿನ ದಿಬ್ಬದಿಂದ ಎರಡು ಗುಂಡು ಹಾರಿದವು. ಬೀದಿಗೆ ಬೀದಿಯೇ ಬಿಳಿ ಉಟ್ಟು ಹೊರಟಿತು, ನಾನೂ ಹೋದೆ. ದೇಚಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು.

"ಯಾರು ಹೋದ್ದು ದೇಚಕ್ಕ?" ಎಂದು ಪಕ್ಕದ ಮನೆಯ ಚೋಂದಮ್ಮ ಕೇಳಿದರು.

"ನಾನೇ ಅಂತೆ. ಬನ್ನಿ, ಕೂತ್ಕೊಳ್ಳಿ. ಕಾಫಿ ಮಾಡೋವಷ್ಟು ಈ ಹೆಣದ ಕೈ ಇನ್ನೂ ಆಡ್ತದೆ."

ಕೆಲವರು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ದಿಬ್ಬದ ಕಡೆ ತಿರುಗಿ ನೋಡಿದರು. ಅಷ್ಟರಲ್ಲಿ ಕುಟ್ಟಪ್ಪ ಗೇಟಿನ ಹತ್ತಿರ ಬಂದು ನಿಂತರು. ಅವರೂ ಬಿಳಿ ಉಟ್ಟಿದ್ದರು.

"ನಮ್ಮೋರ್ಯಾರೂ ಇಂಥ ಕೆಲ್ಸ ಮಾಡ್ಸಿಲ್ಲಮ್ಮ. ದೇವರಾಣೆ."

"ಕುಟ್ಟಪ್ಪಣ್ಣ, ನಿಮ್ಮ ಕೇಸು ನನ್ನ ಮುಂದಿದೆ. ನಿಮಗೆ ಮಾತೂ ಇಲ್ಲ, ಕಾಫಿನೂ ಇಲ್ಲ. ಮನೆಗೆ ಹೋಗಿ."

ಮರುದಿನ ತೀರ್ಪು ಬಂತು. ಕೋವಿ ಮನೆಯಲ್ಲೇ ಇರಬಹುದು; ಕಸಿದುಕೊಳ್ಳಲು ಸರ್ಕಾರ ಕೊಟ್ಟ ಕಾರಣ ಸಾಲದು. ಕಾರಣಗಳನ್ನೆಲ್ಲ ಬಿಡಿಸಿ ಬರೆದಿದ್ದರು. ಹಿಂದಿನ ಸಂಜೆಯ ಬಗ್ಗೆ ಒಂದು ಮಾತೂ ಇರಲಿಲ್ಲ.

ಅವರು ಹೆದರಿ ಹಾಗೆ ಬರೆದರೇ? ನನಗೆ ಗೊತ್ತಿಲ್ಲ. ವಿಚಾರಣೆಯನ್ನು ಪೂರ್ತಿ ಕೇಳಿದವಳಾಗಿ ಹೇಳುವುದಾದರೆ, ಗುಂಡು ಹಾರದಿದ್ದರೂ ಅದೇ ತೀರ್ಪು ಬರುತ್ತಿತ್ತು ಎನಿಸುತ್ತದೆ. ಹೆದರಿಲ್ಲವೆಂದು ತೋರಿಸಲು ಅವರು ತೀರ್ಪನ್ನು ತಿರುಗಿಸಿದ್ದರೆ ಅದೂ ಗುಂಡು ಬರೆಸಿದ ತೀರ್ಪೇ ಆಗುತ್ತಿತ್ತು. ಇದನ್ನು ಅವರು ವಿವರಿಸುವಂತಿರಲಿಲ್ಲ. ತೀರ್ಪಿನ ಆಚೆಗೆ ನ್ಯಾಯಾಧೀಶರು ಮಾತಾಡುವುದಿಲ್ಲ.

ಮಾತಾಡಿದ್ದು ಪೇಟೆ. ಕುಟ್ಟಪ್ಪ ಚಹಾ ಅಂಗಡಿಗೆ ಹೋದರೆ ಸಾಕು, "ವಕೀಲರ ಫೀಸು ಎರಡೇ ಗುಂಡು ಅಂತಲ್ಲ ಅಣ್ಣ, ಅಗ್ಗ ಆಯ್ತು" ಎನ್ನುತ್ತಿದ್ದರು. ವರ್ಷಗಟ್ಟಲೆ ಅಲೆದು ಕಾನೂನಿನ ದಾರಿಯಲ್ಲಿ ಗೆದ್ದ ಮನುಷ್ಯ ಅವರು. ಕೊನೆಗೆ, ತಮ್ಮ ಕೇಸನ್ನು ದೂರದ ಊರಿನ ಬೇರೆ ನ್ಯಾಯಾಧೀಶರು ಮತ್ತೆ ಕೇಳಲಿ ಎಂದು ತಾವೇ ಮೇಲಿನ ಕೋರ್ಟಿಗೆ ಅರ್ಜಿ ಹಾಕಿದರು. ಗೆದ್ದವರಿಗೆ ಮೇಲ್ಮನವಿಯ ಅವಕಾಶವಿಲ್ಲ ಎಂದು ಅರ್ಜಿ ವಜಾ ಆಯಿತು. ಗುಂಡು ಹಾರಿಸಿದವರು ಇಂದಿಗೂ ಸಿಕ್ಕಿಲ್ಲ.

ಕಳೆದ ಮಳೆಗಾಲದಲ್ಲಿ ದೇಚಮ್ಮ ಕಾಯಿಲೆಯಿಂದ ತೀರಿಕೊಂಡರು. ಚೋಂದಮ್ಮ ಹೇಳಿಕಳಿಸಿದ್ದರಿಂದ ಕುಟ್ಟಪ್ಪ ಕೋವಿ ತಂದು ಅಂಗಳದಲ್ಲಿ ನಿಂತು ಎರಡು ಗುಂಡು ಹಾರಿಸಿದರು. ಯಾರೂ ಬರಲಿಲ್ಲ. ನನಗೂ ಕೇಳಿಸಿತ್ತು, ಮತ್ತೆ ಯಾರೋ ಯಾರನ್ನೋ ಹೆದರಿಸುತ್ತಿದ್ದಾರೆ ಎಂದುಕೊಂಡು ಒಳಗೇ ಇದ್ದೆ. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಕುಟ್ಟಪ್ಪ ಮಳೆಯಲ್ಲಿ ತೊಯ್ದು ನಿಂತಿದ್ದರು.

"ಈ ಸಲ ನಿಜ ಮಗಳೇ. ಬಾ."

ಹಾಗೆ ಅವರು ಮನೆಮನೆಯ ಬಾಗಿಲು ತಟ್ಟಬೇಕಾಯಿತು.

ಕೋವಿಯ ಹಕ್ಕು ಬೇಕೆನ್ನುವವರೂ ಬೇಡವೆನ್ನುವವರೂ ನಿಮ್ಮ ಕಾಲದಲ್ಲೂ ಇದ್ದಾರೆಂದು ಹಳೆಯ ಪತ್ರಿಕೆಗಳಲ್ಲಿ ಓದಿದ್ದೇನೆ. ಆ ವಾದವನ್ನು ನೀವೇ ಮುಗಿಸಿಕೊಳ್ಳಿ. ನಾನು ಕೇಳಿಕೊಳ್ಳುವುದು ಇಷ್ಟೇ: ತೀರ್ಪು ಕೊಡುವವರ ಮನೆಯ ಹತ್ತಿರ ಸುಳಿಯಬೇಡಿ. ನಿಮ್ಮ ಪರವಾಗಿ ಯಾರಾದರೂ ಹೊರಟರೆ ಮೊದಲು ತಡೆಯಬೇಕಾದವರು ನೀವೇ. ಇಲ್ಲವಾದರೆ ನೀವು ನ್ಯಾಯವಾಗಿ ಗೆದ್ದರೂ ಅದನ್ನು ನಂಬುವವರು ಉಳಿಯುವುದಿಲ್ಲ.

ಇದನ್ನು ಬರೆಯುತ್ತಿರುವಾಗಲೇ ಆಚೆ ಒಂದು ಗುಂಡಿನ ಸದ್ದಾಯಿತು. ಮೊದಲಾಗಿದ್ದರೆ ಯಾರ ಮನೆಯಲ್ಲಿ ಮಗು ಹುಟ್ಟಿತು ಎಂದು ಎದ್ದು ಹೋಗುತ್ತಿದ್ದೆ. ಈಗ ಕಿಟಕಿ ಮುಚ್ಚಿ ಬಂದು ಕೂತಿದ್ದೇನೆ.